ಘಟ್ಟದ ನೆತ್ತಿಯಲ್ಲಿ ಕಂಡ ಕುರಿಂಜಿ ಜಾತಿಯ ಪೊದೆ: ಹೊಸ ಪ್ರಭೇದವೆಂದು ವಿವರಣೆ ಬರೆಯುವುದು ಹೇಗೆ?

ಗುಡ್ಡದಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರ ಓದಿದವಳು, ಈಗ ಅದನ್ನೇ ಪಾಠ ಮಾಡುತ್ತೇನೆ. ಆದರೆ ಹೊಸ ಪ್ರಭೇದಕ್ಕೆ ಹೆಸರಿಡುವ ಕೆಲಸ ಇದುವರೆಗೆ ಮಾಡಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪಶ್ಚಿಮ ಘಟ್ಟದ ಒಂದು ಬೆಟ್ಟದ ಮೇಲೆ, ಸುಮಾರು 1600 ಮೀಟರ್ ಎತ್ತರದಲ್ಲಿ, ಶೋಲಾ ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಅಂಚಿಗೆ ಒಂದು ಪೊದೆ ಹೂ ಬಿಟ್ಟಿದೆ. ಸ್ಟ್ರೊಬಿಲಾಂಥಿಸ್ ಕುಲದ್ದು, ಕುರಿಂಜಿಯ ನೆಂಟ. ಕುಲದ ಬಗ್ಗೆ ಅನುಮಾನವಿಲ್ಲ. ಎದುರುಬದುರು ಎಲೆ, ತೆನೆಯಂಥ ಹೂಗೊಂಚಲು, ಹೂಕೊಳವೆಯ ಒಳಗೆ ಶಲಾಕೆಯನ್ನು (ಅಂಡಾಶಯದಿಂದ ಮೇಲೆದ್ದ ಸಣ್ಣ ದಂಟು) ಹಿಡಿದಿಡುವ ಎರಡು ಸಾಲು ರೋಮ, ಎಲ್ಲವೂ ಇದೆ. ಆದರೆ ನನ್ನ ಹತ್ತಿರ ಇರುವ ಯಾವ ಕೀಲಿಯಲ್ಲೂ (ಗುಣಗಳನ್ನು ಒಂದೊಂದಾಗಿ ನೋಡಿ ಪ್ರಭೇದ ಗುರುತಿಸುವ ಪಟ್ಟಿ) ಇದು ಕೂರುತ್ತಿಲ್ಲ. ಸ್ಟ್ರೊಬಿಲಾಂಥಿಸ್ ಸೆಸೈಲಿಸ್ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೆ ಎಲೆತೊಟ್ಟು ಇರುವುದಿಲ್ಲ. ಇದಕ್ಕೆ ಇದೆ, ಚಿಕ್ಕದಾದರೂ ಸ್ಪಷ್ಟವಾಗಿದೆ. ಪುಷ್ಪಪಾತ್ರೆ, ಅಂದರೆ ಹೂವಿನ ಬುಡದ ಹೊರಬಟ್ಟಲು, ಮುಟ್ಟಿದರೆ ಕೈಗೆ ಅಂಟುತ್ತದೆ.

ಯಾವ ಬೆಟ್ಟ ಅಂತ ಬೇಕೆಂದೇ ಹೇಳುತ್ತಿಲ್ಲ. ಹೂ ಬಿಟ್ಟ ಸುದ್ದಿ ಹಬ್ಬಿದರೆ ಮಾರನೇ ದಿನ ಜೀಪುಗಳ ಸಾಲು ಹತ್ತುತ್ತದೆ. ದಯವಿಟ್ಟು ಕೇಳಬೇಡಿ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಕೊಂಬೆಗಳನ್ನು ತಂದು ಒತ್ತಿ ಇಟ್ಟಿದ್ದೇವೆ.

ನಾನು ಬರೆದ ಕರಡು ಹೀಗಿದೆ:

“ಬಹುವಾರ್ಷಿಕ, ಮಧ್ಯಮ ಗಾತ್ರದ ಸುಂದರ ಪೊದೆ. ಕಾಂಡ ಕವಲೊಡೆದಿದೆ. ಎಲೆಗಳು ಅಂಡಾಕಾರ, ದೊಡ್ಡವು, ಅಂಚು ಹಲ್ಲಿನಂತೆ, ಎರಡೂ ಕಡೆ ರೋಮಭರಿತ. ಹೂಗಳು ಆಕರ್ಷಕ ತಿಳಿನೀಲಿ, ಗೊಂಚಲಿನಲ್ಲಿ. ಪುಷ್ಪಪಾತ್ರೆ ಅಂಟುಅಂಟು. ಕೇಸರ ನಾಲ್ಕು. ಕಾಯಿ ನೋಡಿಲ್ಲ.”

ಇಷ್ಟು ಸಾಕಾ? ಲ್ಯಾಟಿನ್‌ನಲ್ಲಿ ಬರೆಯಲೇಬೇಕಾ? ಕನ್ನಡದಲ್ಲಿ ಬರೆದರೆ ನಡೆಯುತ್ತದಾ? ಬಲ್ಲವರು ಬೈದರೂ ಪರವಾಗಿಲ್ಲ, ತಿದ್ದಿ.

ಹಳೇ ಹಾಳೆ ಉತ್ತರಿಸಿದ್ದು:

ಮೇಡಂ, ಬೈಯುವಂಥದ್ದೇನೂ ಇಲ್ಲ. ಜಾಗ ಹೇಳದೇ ಇದ್ದದ್ದು ಸರಿ, ಅನುಮತಿ ತಗೊಂಡಿದ್ದು ಇನ್ನೂ ಸರಿ. ನನ್ನ ಕೆಲಸವೇ ಹರ್ಬೇರಿಯಂ ಹಾಳೆಗಳ ಮಧ್ಯೆ, ಅಂದರೆ ಒಣಗಿಸಿ ಅಂಟಿಸಿಟ್ಟ ಗಿಡಗಳ ಸಂಗ್ರಹದಲ್ಲಿ. ಕಾಡಿಗಿಂತ ಜಾಸ್ತಿ ಬೀರು ನೋಡಿದವನು ನಾನು. ಆ ಕಡೆಯಿಂದ ನನಗೆ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಕರಡನ್ನು ಓದಿ ಕಣ್ಣು ಮುಚ್ಚಿಕೊಂಡೆ. ಗಿಡ ಕಾಣಲಿಲ್ಲ. ಘಟ್ಟದ ಅರ್ಧ ಸ್ಟ್ರೊಬಿಲಾಂಥಿಸ್‌ಗಳಿಗೆ ಈ ಮಾತೇ ಒಪ್ಪುತ್ತದೆ. “ದೊಡ್ಡ ಎಲೆ” ಅಂದರೆ ಎಷ್ಟು? ಜೋಡಿಯ ಎರಡೂ ಎಲೆ ಒಂದೇ ಅಳತೆಯವೇ? ಈ ಕುಲದಲ್ಲಿ ಒಂದೇ ಗಿಣ್ಣಿನ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಇರುವುದು ತುಂಬ ಸಾಮಾನ್ಯ. ಅದನ್ನು ಬರೆಯದಿದ್ದರೆ ಪತ್ರಿಕೆಗಾಗಿ ಪ್ರಬಂಧ ಪರಿಶೀಲಿಸುವ ತೀರ್ಪುಗಾರರು ಮೊದಲು ಕೇಳುವುದೇ ಅದು. “ರೋಮಭರಿತ” ಅಂದರೆ ಯಾವ ರೋಮ? ಸರಳ ರೋಮವೇ, ತುದಿಯಲ್ಲಿ ಗ್ರಂಥಿ ಇರುವ ರೋಮವೇ? ನಿಮ್ಮ ಪುಷ್ಪಪಾತ್ರೆ ಅಂಟುತ್ತದೆ ಅಂದಿರಿ. ಅಲ್ಲಿ ಗ್ರಂಥಿರೋಮ ಇರಬೇಕು. ಲೆನ್ಸ್ ಹಿಡಿದು ನೋಡಿ, ಎಲ್ಲೆಲ್ಲಿ ಇದೆ ಎಂದು ಗುರುತು ಮಾಡಿ. ಪುಷ್ಪಪಾತ್ರೆಯ ಎಸಳಿನ ಮೇಲಷ್ಟೇಯೋ, ಹೂವಿನ ಬುಡದ ಪುಟ್ಟ ಎಲೆಯ ಮೇಲೂ ಇದೆಯೋ, ಗೊಂಚಲಿನ ದಂಟಿನ ಮೇಲೂ ಇದೆಯೋ. ಈ ಗುಂಪಿನಲ್ಲಿ ಪ್ರಭೇದಗಳು ಬೇರೆಯಾಗುವುದು ಇಂಥ ಕಡೆ. “ಸುಂದರ”, “ಆಕರ್ಷಕ” ಎರಡನ್ನೂ ತೆಗೆಯಿರಿ. ನಿಮಗೆ ಹಾಗೆ ಅನ್ನಿಸಿದ್ದು ನಿಜವೇ, ಆದರೆ ಅದು ಗಿಡದ ಗುಣ ಅಲ್ಲ.

ಅಳತೆಗೆ ಒಂದು ಗಿಡದ ಒಂದು ಕೊಂಬೆ ಸಾಲದು. ಬೇರೆ ಬೇರೆ ಗಿಡಗಳಿಂದ, ನೆರಳಿನವು ಬಿಸಿಲಿನವು ಎರಡರಿಂದಲೂ ತಗೊಂಡು, ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಎಂದು ಬರೆಯಿರಿ. ಹಸಿ ಹೂವನ್ನು ಅಳೆದಿರೋ ಒಣಗಿದ್ದನ್ನೋ, ಅದನ್ನೂ ಹೇಳಿ. ಒಣಗಿದಾಗ ಹೂ ಕುಗ್ಗುತ್ತದೆ. ನೀವು ಹಸಿಯದನ್ನು ಅಳೆದು, ಹಳಬರು ಒಣಗಿದ್ದನ್ನು ಅಳೆದ ಪ್ರಭೇದದ ಜೊತೆ ಹೋಲಿಸಿ “ನಮ್ಮದರ ಹೂ ದೊಡ್ಡದು” ಅಂದರೆ ಅದು ವ್ಯತ್ಯಾಸವೇ ಅಲ್ಲ.

ಈಗ ಮುಖ್ಯ ಮಾತು. ನಿಮ್ಮ ಕರಡಿನಲ್ಲಿ ಗಿಡದ ವಿವರಣೆ ಇದೆ, ಡಯಾಗ್ನೋಸಿಸ್ ಇಲ್ಲ. ಹತ್ತಿರದ ಪ್ರಭೇದ ಯಾವುದು, ಅದರಿಂದ ಇದು ಎಲ್ಲಿ ಬೇರೆ, ಅಷ್ಟನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳುವುದು ಡಯಾಗ್ನೋಸಿಸ್. ನನ್ನ ಲೆಕ್ಕದಲ್ಲಿ ಪ್ರಬಂಧದ ಜೀವ ಅದೇ. ಅದನ್ನು ಮೊದಲು ಬರೆಯಲು ಕೂತುಕೊಳ್ಳಿ. ಬರೆಯಲು ಆಗದಿದ್ದರೆ ನಿಮ್ಮ ಹತ್ತಿರ ಇನ್ನೂ ಹೊಸ ಪ್ರಭೇದ ಇಲ್ಲ, ಹೆಸರು ಸಿಗದ ಗಿಡ ಮಾತ್ರ ಇದೆ. “ಸೆಸೈಲಿಸ್‌ಗೆ ಹತ್ತಿರ, ಆದರೆ ಎಲೆಗೆ ತೊಟ್ಟಿದೆ, ಪುಷ್ಪಪಾತ್ರೆಯಲ್ಲಿ ಗ್ರಂಥಿರೋಮವಿದೆ” ಎಂದು ನೀವು ಈಗಾಗಲೇ ಪ್ರಶ್ನೆಯಲ್ಲೇ ಅರ್ಧ ಹೇಳಿದ್ದೀರಿ. ಕರಡಿಗಿಂತ ಆ ಸಾಲು ಚೆನ್ನಾಗಿದೆ.

ಆದರೆ ಸೆಸೈಲಿಸ್ ಒಂದರ ಜೊತೆ ಹೋಲಿಸಿದರೆ ಮುಗಿಯಲಿಲ್ಲ. ಈ ಕುಲದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರ ಮೇಲೆ ಒಂದು ಹಳೇ ರಗಳೆ. 1944ರಲ್ಲಿ ಬ್ರೆಮೆಕಾಂಪ್ ಎನ್ನುವ ಡಚ್ ಸಸ್ಯಶಾಸ್ತ್ರಜ್ಞ ಪರಾಗದ ಆಕಾರ ಮುಂತಾದವನ್ನು ಹಿಡಿದು ಈ ಒಂದು ಗುಂಪನ್ನು ಐವತ್ತಕ್ಕೂ ಹೆಚ್ಚು ಕುಲಗಳಾಗಿ ಒಡೆದರು. ಆಮೇಲಿನವರು ಎಲ್ಲವನ್ನೂ ಮತ್ತೆ ಸ್ಟ್ರೊಬಿಲಾಂಥಿಸ್‌ಗೇ ಸೇರಿಸಿದರು. ಹಾಗಾಗಿ ನಮ್ಮ ಘಟ್ಟದ ಗಿಡಗಳು ಹಳೇ ಹಾಳೆಗಳ ಮೇಲೆ ನೀಲ್‌ಗಿರಿಯಾಂಥಸ್, ಫ್ಲೆಬೊಫಿಲಮ್, ಕಾರ್ವಿಯಾ, ಪ್ಲಿಯೊಕಾಲಸ್, ಜೆನಕಾಂಥಸ್ ಎಂಬ ಹೆಸರುಗಳಲ್ಲಿ ಕೂತಿವೆ. ನೀಲಗಿರಿಯ ಕುರಿಂಜಿಯೇ ಎಷ್ಟೋ ಕಡೆ ಫ್ಲೆಬೊಫಿಲಮ್ ಅಂತ ಇದೆ. ನೀವು ಬೀರುವಿನಲ್ಲಿ ಸ್ಟ್ರೊಬಿಲಾಂಥಿಸ್ ಕಟ್ಟು ಮಾತ್ರ ಬಿಚ್ಚಿದರೆ ಪಕ್ಕದ ಕಟ್ಟಿನಲ್ಲಿ ನಿಮ್ಮ ಗಿಡವೇ ಮಲಗಿರಬಹುದು.

ಹತ್ತಿರದ ಪ್ರಭೇದಗಳ ಟೈಪ್ ಹಾಳೆ ನೋಡದೆ ಮುಂದಕ್ಕೆ ಹೋಗಬೇಡಿ. ಟೈಪ್ ಅಂದರೆ ಆ ಹೆಸರು ಯಾವ ಒಣಗಿದ ಕೊಂಬೆಗೆ ಅಂಟಿಕೊಂಡಿದೆಯೋ ಆ ಕೊಂಬೆ. ಪುಸ್ತಕದ ಕೀಲಿ ತಪ್ಪಿರಬಹುದು, ಟೈಪ್ ತಪ್ಪುವುದಿಲ್ಲ. ಘಟ್ಟದ ಹಲವು ಪ್ರಭೇದಗಳನ್ನು 1832ರಲ್ಲಿ ನೀಸ್ ಎನ್ನುವ ಜರ್ಮನ್ ವಿದ್ವಾಂಸ ವಿವರಿಸಿದರು. ಅವರಿಗೆ ಸಿಕ್ಕಿದ್ದು ಇಲ್ಲಿಂದ ಹೋದ ಒಣಗಿದ ಕೊಂಬೆಗಳು. ಆ ಕಾಲದ ಹಾಳೆಗಳಲ್ಲಿ ಬಹಳಷ್ಟು ಈಗ ಲಂಡನ್ನಿನ ಕ್ಯೂ ಮತ್ತು ಎಡಿನ್‌ಬರೋ ಹರ್ಬೇರಿಯಂಗಳಲ್ಲಿವೆ. ಸ್ಕ್ಯಾನ್ ಮಾಡಿದ ಚಿತ್ರಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ದೊಡ್ಡದು ಮಾಡಿ ನೋಡಿ. ಅಲ್ಲಿನ ಗ್ರಂಥಿರೋಮ ಚಿತ್ರದಲ್ಲಿ ಕಾಣದಿದ್ದರೆ ಪತ್ರ ಬರೆಯಿರಿ. ಅಲ್ಲಿನವರು ಲೆನ್ಸ್ ಕೆಳಗೆ ಫೋಟೋ ತೆಗೆದು ಕಳಿಸುವುದುಂಟು.

ಲ್ಯಾಟಿನ್ ಬಗ್ಗೆ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯದ ವಿವರಣೆ ಅಥವಾ ಡಯಾಗ್ನೋಸಿಸ್ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್, ಯಾವುದಾದರೂ ಸರಿ. ಕನ್ನಡದಲ್ಲಿ ಮಾತ್ರ ಬರೆದರೆ ಹೆಸರು ಮಾನ್ಯವಾಗುವುದಿಲ್ಲ. ಜೊತೆಗೆ ಕನ್ನಡ ವಿವರಣೆಯನ್ನೂ ಹಾಕಿದರೆ ಯಾರೂ ತಡೆಯುವುದಿಲ್ಲ. ಹಾಕಿ, ನನಗಂತೂ ಖುಷಿ. ಅದೇ ದಿನದಿಂದ ಪಿಡಿಎಫ್ ಆಗಿ ಮಾತ್ರ ಬರುವ ಪತ್ರಿಕೆಯಲ್ಲಿ ಪ್ರಕಟಿಸಿದರೂ ಆಗುತ್ತದೆ, ಪತ್ರಿಕೆಗೆ ಐಎಸ್‌ಎಸ್‌ಎನ್ ಎಂಬ ನಿಯತಕಾಲಿಕೆಗಳ ಅಂತಾರಾಷ್ಟ್ರೀಯ ಗುರುತು ಸಂಖ್ಯೆ ಇರಬೇಕು.

ಚಾರಣಿಗ ಉತ್ತರಿಸಿದ್ದು:

ಓದಿ ತಲೆ ತಿರುಗಿತು! ನಾನು ಬೆಟ್ಟ ಹತ್ತುವವನು, ಸಸ್ಯಶಾಸ್ತ್ರ ಗೊತ್ತಿಲ್ಲ. ಎರಡು ಅನುಮಾನ. ಈಗಿನ ಕ್ಯಾಮೆರಾದಲ್ಲಿ ರೋಮ ರೋಮವೂ ಕಾಣುತ್ತದಲ್ವಾ, ಒಳ್ಳೆ ಫೋಟೋ ಇದ್ದರೆ ಗಿಡ ಕೀಳುವುದು ಯಾಕೆ? ಇನ್ನೊಂದು, ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದೇ ಏಟಿಗೆ ಗೊತ್ತಾಗುವುದಿಲ್ವಾ? ಅಷ್ಟಕ್ಕೂ ನೂರಾರು ವರ್ಷ ಜನ ಓಡಾಡಿದ ಬೆಟ್ಟದಲ್ಲಿ ಇಷ್ಟು ದೊಡ್ಡ ಪೊದೆ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನಂಬುವುದು ಕಷ್ಟ.

ಹಳೇ ಹಾಳೆ ಉತ್ತರಿಸಿದ್ದು:

ಕೊನೆಯ ಪ್ರಶ್ನೆ ಒಳ್ಳೆಯದು, ಅದನ್ನೇ ಮೊದಲು ತಗೊಳ್ಳುತ್ತೇನೆ.

ಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಡುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ನೀಲಗಿರಿ, ಮುನ್ನಾರ್ ಕಡೆ 2006ರಲ್ಲಿ ಬಿಟ್ಟಿತು, 2018ರಲ್ಲಿ ಬಿಟ್ಟಿತು. ಈ ಕುಲದ ಎಷ್ಟೋ ಗಿಡಗಳ ರೀತಿ ಇದೇ. ವರ್ಷಗಟ್ಟಲೆ ಬರೀ ಎಲೆ, ಒಮ್ಮೆ ಎಲ್ಲವೂ ಒಟ್ಟಿಗೆ ಹೂ, ಬೀಜ ಉದುರಿಸಿ ಸಾವು. ಹೂವಿಲ್ಲದಾಗ ಇವು ಬರೀ ಹಸಿರು ಪೊದೆ. ಹೂವಿಲ್ಲದ ಕೊಂಬೆಯನ್ನು ಸಂಗ್ರಹಕಾರರು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ, ಯಾಕೆಂದರೆ ಗುರುತಿಸಲು ಬರುವುದಿಲ್ಲ. ಹೂ ಬಿಡುವುದು ಘಟ್ಟದಲ್ಲಿ ಹೆಚ್ಚಾಗಿ ಮಳೆ ಮುಗಿಯುವ ಹೊತ್ತಿಗೆ. ಆ ವರ್ಷ, ಆ ವಾರಗಳು, ಜಿಗಣೆ ಮಂಜು ಎಲ್ಲ ದಾಟಿ ಬಂದ ಬಲ್ಲವನೊಬ್ಬ, ಮೂರೂ ಒಟ್ಟಿಗೆ ಕೂಡಿ ಬರಬೇಕು. ಕೂಡಿ ಬರದೇ ಇದ್ದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ ಇದೆ. ಕಣ್ಣಿಗೆ ಬಿದ್ದಿಲ್ಲ ಅನ್ನುವುದೇ ಎಷ್ಟೋ ಸಲ ಸುಳ್ಳು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸ ಸಸ್ಯ ಪ್ರಭೇದಗಳ ವಿವರಣೆಗಳನ್ನು ಲೆಕ್ಕ ಹಾಕಿದರು. ಮೊದಲ ಸಲ ಸಂಗ್ರಹಿಸಿದ ಐದು ವರ್ಷದೊಳಗೆ ಹೆಸರು ಪಡೆದವು ಶೇ. 16 ಮಾತ್ರ. ಕಾಲು ಭಾಗದ ಹತ್ತಿರ ಹತ್ತಿರ ಪ್ರಭೇದಗಳ ವಿವರಣೆಯಲ್ಲಿ 50 ವರ್ಷಕ್ಕಿಂತ ಹಳೆಯ ಹಾಳೆಗಳು ಸೇರಿದ್ದವು. ಯಾರೋ ತಂದರು, ಒತ್ತಿದರು, ಅಂಟಿಸಿದರು, “ಸ್ಟ್ರೊಬಿಲಾಂಥಿಸ್, ಪ್ರಭೇದ ತಿಳಿಯದು” ಅಂತ ಬರೆದು ಒಳಗಿಟ್ಟರು. ಬೀರುವಿನಲ್ಲಿ ಹುಡುಕಿ ಅಂತ ನಾನು ಮೇಡಂಗೆ ಹಟ ಹಿಡಿಯುವುದು ಇದಕ್ಕೇ. ಹಾಗೆ ಒಂದು ಹಳೇ ಹಾಳೆ ಸಿಕ್ಕಿದರೆ ಅದು ಸೋಲಲ್ಲ, ಲಾಭ. ಗಿಡ ಇನ್ನೊಂದು ಬೆಟ್ಟದಲ್ಲೂ ಇತ್ತು, ಯಾವ ತಿಂಗಳು ಹೂ ಬಿಟ್ಟಿತ್ತು ಅನ್ನುವುದು ಪುಕ್ಕಟೆ ಸಿಗುತ್ತದೆ.

ಫೋಟೋ ಯಾಕೆ ಸಾಲದು? ನಿಯಮದ ಪ್ರಕಾರವೇ ಸಾಲದು. 1958ರಿಂದ ಟೈಪ್ ಯಾವುದೆಂದು ಹೇಳದೆ ಹೊಸ ಹೆಸರು ಮಾನ್ಯವಲ್ಲ. 1990ರಿಂದ ಅದು ಯಾವ ಹರ್ಬೇರಿಯಂನಲ್ಲಿದೆ ಅಂತಲೂ ಹೇಳಬೇಕು. 2007ರಿಂದ ಇಂಥ ಗಿಡಗಳಿಗೆ ಚಿತ್ರವನ್ನು ಟೈಪ್ ಮಾಡುವ ಹಾಗಿಲ್ಲ, ನಿಜವಾದ ಮಾದರಿಯೇ ಬೇಕು. ನಿಯಮ ಬಿಡಿ, ಕೆಲಸದ ದೃಷ್ಟಿಯಿಂದಲೂ ಹಾಗೇ. ನಾಳೆ ಯಾರೋ “ಪರಾಗ ಹೇಗಿದೆ” ಎಂದು ಕೇಳಿದರೆ ಫೋಟೋದಿಂದ ಪರಾಗ ತೆಗೆಯಲು ಬರುವುದಿಲ್ಲ. ಮತ್ತೆ, ಗಿಡವನ್ನು ಬುಡಸಮೇತ ಯಾರೂ ಕೀಳುವುದಿಲ್ಲ, ಒಂದೆರಡು ಕೊಂಬೆ ಸಾಕು.

ಡಿಎನ್‌ಎ ಒಳ್ಳೆಯದೇ. ಎಳೆ ಎಲೆಯ ಚೂರನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಇಡಿ, ಇವತ್ತಲ್ಲದಿದ್ದರೂ ಮುಂದೆ ಬೇಕಾಗುತ್ತದೆ. ಆದರೆ ಹೆಸರಿಡಲು ಡಿಎನ್‌ಎ ಬೇಕೆಂಬ ನಿಯಮವಿಲ್ಲ. ಹತ್ತಿರದ ಪ್ರಭೇದಗಳನ್ನು, ಗುರುತಿಗೆಂದು ಬಳಸುವ ಬಾರ್‌ಕೋಡ್ ಜೀನ್‌ಗಳು ಬೇರ್ಪಡಿಸದೇ ಇರುವುದು ಸಸ್ಯಗಳಲ್ಲಿ ಮಾಮೂಲಿ. ಹೋಲಿಸಲು ಅಕ್ಕಪಕ್ಕದ ಪ್ರಭೇದಗಳ ಡಿಎನ್‌ಎ ಕೂಡ ಇರಬೇಕು. ಅದಿಲ್ಲದೆ ನಿಮ್ಮದೊಂದರ ಫಲಿತಾಂಶ ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ.

ಮಸಿಗೆರೆ ಉತ್ತರಿಸಿದ್ದು:

ಅಕ್ಕಾ, ನಾನು ಸಸ್ಯಗಳ ರೇಖಾಚಿತ್ರ ಬರೆಯುವವಳು. ಚಿತ್ರ ಹಾಕಲೇಬೇಕು ಅಂತ ನಿಯಮವಿಲ್ಲ, ಆದರೆ ಪತ್ರಿಕೆಯವರು ಕೇಳುತ್ತಾರೆ. ಫೋಟೋ ಜೊತೆ ರೇಖಾಚಿತ್ರವೂ ಇರಲಿ. ಫೋಟೋದಲ್ಲಿ ಎಲ್ಲವೂ ಕಾಣುತ್ತದೆ, ಯಾವುದು ಮುಖ್ಯ ಅಂತ ಕಾಣುವುದಿಲ್ಲ.

ಈಗಲೇ ಮಾಡಬೇಕಾದದ್ದು ಹೂವಿನ ಕೆಲಸ. ಈ ಹೂಗಳು ಒತ್ತಿದರೆ ಬಣ್ಣ ಬಿಡುತ್ತವೆ, ಕೊಳವೆ ಚಪ್ಪಟೆಯಾಗಿ ಒಳಗಿನ ರೋಮದ ಸಾಲು ಅಪ್ಪಚ್ಚಿಯಾಗುತ್ತದೆ. ಒಂದಷ್ಟು ಹೂವನ್ನು 70 ಶೇಕಡಾ ಆಲ್ಕೋಹಾಲ್‌ನಲ್ಲಿ ಹಾಕಿಡಿ, ಸಂಗ್ರಹದ ನಂಬರನ್ನು ಪೆನ್ಸಿಲ್ಲಿನಲ್ಲೇ ಬರೆದು ಒಳಗೆ ಹಾಕಿ. ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಬಣ್ಣವನ್ನು ಬೆಟ್ಟದಲ್ಲೇ ಬರೆದುಕೊಂಡಿದ್ದೀರಾ? ಹೊರಗೆ ತಿಳಿನೀಲಿ ಸರಿ, ಗಂಟಲಲ್ಲಿ ಏನು ಬಣ್ಣ, ಗೆರೆ ಇದೆಯೇ, ಮೊಗ್ಗಿನಲ್ಲಿ ಬೇರೆ ಬಣ್ಣವೇ?

ಒಣಗಿದ ಹೂ ಮಾತ್ರ ಉಳಿದಿದ್ದರೂ ಹೆದರಬೇಡಿ. ಬಿಸಿನೀರಿಗೆ ಒಂದು ಹನಿ ಸೋಪಿನ ದ್ರಾವಣ ಬಿಟ್ಟು ಹೂವನ್ನು ನೆನೆಸಿದರೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಬಿಡಿಸಿ ಹರಡಿ. ನಾನು ಬರೆಯುವುದಾದರೆ ಕೊಂಬೆ, ಎಲೆಯ ಹಿಂಬದಿ, ಹೂವಿನ ಬುಡದ ಪುಟ್ಟ ಎಲೆ, ಪುಷ್ಪಪಾತ್ರೆ ಬಿಚ್ಚಿದ್ದು, ಹೂಕೊಳವೆ ಬಿಚ್ಚಿದ್ದು, ಕೇಸರ, ಶಲಾಕೆಯ ತುದಿ, ಇಷ್ಟನ್ನಂತೂ ಬಿಡುವುದಿಲ್ಲ. ಪ್ರತಿಯೊಂದರ ಪಕ್ಕ ಅಳತೆಪಟ್ಟಿ. ಗ್ರಂಥಿರೋಮದ್ದು ಬೇರೆಯೇ ಒಂದು ದೊಡ್ಡ ಚಿತ್ರ, ನಿಮ್ಮ ಡಯಾಗ್ನೋಸಿಸ್ ನಿಂತಿರುವುದೇ ಅದರ ಮೇಲೆ.

ಗುಡ್ಡದಂಚು ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆನ್ಸ್ ಹಿಡಿದು ಕೂತೆ. ಗ್ರಂಥಿರೋಮ ಪುಷ್ಪಪಾತ್ರೆಯ ಎಸಳುಗಳ ಮೇಲೂ, ಹೂವಿನ ಬುಡದ ಎಲೆಯ ಅಂಚಿನಲ್ಲೂ ಇದೆ, ದಂಟಿನ ಮೇಲೆ ಇಲ್ಲ. ದಂಟಿನ ಮೇಲೆ ಬರೀ ಸರಳ ರೋಮ. ನೆರಳಿನ ಗಿಡ, ಬಿಸಿಲಿನ ಗಿಡ ಎರಡರಲ್ಲೂ ಹೀಗೇ. ಜೋಡಿ ಎಲೆಗಳು ಅಸಮ, ಸರ್ ಹೇಳಿದ ಹಾಗೆಯೇ. ಸ್ಕ್ಯಾನ್ ಮಾಡಿದ ಟೈಪ್‌ಗಳನ್ನು ಒಂದೊಂದಾಗಿ ನೋಡಲು ಶುರು ಮಾಡಿದ್ದೇನೆ. ಹಳೇ ಕುಲದ ಹೆಸರುಗಳನ್ನು ಹಾಕಿ ಹುಡುಕಿದಾಗ ನಾನು ಕೇಳಿಯೇ ಇರದ ಹಾಳೆಗಳು ಬಂದವು.

ಇನ್ನು ಉಳಿದದ್ದು ಮೂರು. ಕಾಯಿ ಆಗುವುದು ಇನ್ನೂ ತಡ. ಆಮೇಲೆ ಹೋಗಿ ಕಾಯಿ ತಂದು ಅದೇ ಹಾಳೆಗೆ ಅಂಟಿಸಬಹುದಾ? ಎರಡನೆಯದು, ನಮ್ಮ ಜೊತೆ ಬಂದ ಹುಡುಗರು “ತೀವ್ರ ಅಳಿವಿನಂಚಿನಲ್ಲಿದೆ” ಅಂತ ಹಾಕೋಣ ಅನ್ನುತ್ತಾರೆ, ಒಂದೇ ಕಡೆ ಇದೆಯಲ್ಲ. ಮೂರನೆಯದು ಹೆಸರು. ಬೆಟ್ಟದ ಹೆಸರನ್ನೇ ಇಡುವ ಆಸೆ ಇದೆ.

ಹಳೇ ಹಾಳೆ ಉತ್ತರಿಸಿದ್ದು:

ಆಸೆ ಇಟ್ಟುಕೊಳ್ಳಿ, ಆದರೆ ಜಾಗ ಮುಚ್ಚಿಟ್ಟು ಗಿಡಕ್ಕೆ ಆ ಜಾಗದ್ದೇ ಹೆಸರಿಟ್ಟರೆ ಜೀಪಿನವರಿಗೆ ನೀವೇ ದಾರಿ ತೋರಿಸಿದ ಹಾಗಲ್ವಾ? ಆ ಅಂಟು ಪುಷ್ಪಪಾತ್ರೆಯಂಥ ಗುಣದ ಮೇಲೆ ಹೆಸರಿಟ್ಟರೆ ಗಿಡ ನೋಡಿದವನಿಗೂ ನೆನಪಿರುತ್ತದೆ. ಯಾವುದೇ ಇರಲಿ, ಆ ಹೆಸರು ಈ ಕುಲದಲ್ಲಿ ಮೊದಲೇ ಯಾರೂ ಬಳಸಿಲ್ಲ ಅಂತ ಅಂತಾರಾಷ್ಟ್ರೀಯ ಸಸ್ಯನಾಮ ಸೂಚಿಯಲ್ಲಿ ನೋಡಿ. ನಿಮ್ಮದೇ ಹೆಸರು ಇಟ್ಟುಕೊಳ್ಳುವುದಕ್ಕೆ ನಿಯಮದ ಅಡ್ಡಿಯಿಲ್ಲ, ಜನ ನಗುತ್ತಾರೆ ಅಷ್ಟೆ. ಪ್ರಬಂಧದಲ್ಲಿ ಅಕ್ಷಾಂಶ ರೇಖಾಂಶ ಕೊಡಲೇಬೇಕೆಂದಿಲ್ಲ. ಜಿಲ್ಲೆ ಮತ್ತು ಎತ್ತರ ಬರೆದು ನಿಖರ ಜಾಗವನ್ನು ಹರ್ಬೇರಿಯಂ ದಾಖಲೆಗೆ ಮಾತ್ರ ಕೊಡಿ.

ಅಳಿವಿನಂಚಿನ ವಿಷಯದಲ್ಲಿ ಹುಡುಗರಿಗೆ ಸ್ವಲ್ಪ ತಡೆಯಲು ಹೇಳಿ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆಯ ಲೆಕ್ಕದಲ್ಲಿ 2 ಕಿ.ಮೀ. ಉದ್ದ, 2 ಕಿ.ಮೀ. ಅಗಲದ ಚೌಕಗಳನ್ನು ಎಣಿಸುತ್ತಾರೆ. ಒಂದೇ ಕಡೆ ಕಂಡರೆ 4 ಚದರ ಕಿ.ಮೀ. ಆಯಿತು. 10 ಚದರ ಕಿ.ಮೀ.ಗಿಂತ ಕಡಿಮೆ ಇದ್ದರೆ ಅತಿ ತೀವ್ರ ವರ್ಗದ ಮಿತಿಯೊಳಗೆ ಬಂತು ನಿಜ. ಆದರೆ ಅದೊಂದೇ ಸಾಲದು, ನೆಲೆ ಕುಗ್ಗುತ್ತಿದೆ ಎಂಬಂಥ ಇನ್ನೂ ಎರಡು ಷರತ್ತು ತೋರಿಸಬೇಕು. ಮೇಲಾಗಿ ನೀವು ಹುಡುಕಿದ್ದು ಒಂದು ಬೆಟ್ಟ. ಪಕ್ಕದ ಬೆಟ್ಟದಲ್ಲಿ ಇದೇ ಗಿಡ ಈ ವರ್ಷ ಹೂ ಬಿಡದೆ ಸುಮ್ನೆ ಹಸಿರಾಗಿ ನಿಂತಿದ್ದರೆ ನೀವು ಪಕ್ಕದಲ್ಲೇ ನಡೆದು ಹೋಗಿರುತ್ತೀರಿ. ಈಗ ನಿಮಗೆ ಎಲೆ ಗೊತ್ತಾಗಿದೆ, ಅದನ್ನೇ ಹಿಡಿದು ಸುತ್ತಲಿನ ಶೋಲಾ ಅಂಚುಗಳನ್ನು ನೋಡಿ. ಅಲ್ಲಿಯವರೆಗೆ “ಮಾಹಿತಿ ಸಾಲದು” ಎಂಬ ವರ್ಗವೇ ಮರ್ಯಾದೆಯದ್ದು.

ಕಾಯಿಯದ್ದು ಬಹಳ ಮುಖ್ಯ, ಇಲ್ಲಿ ಎಡವಿದವರು ತುಂಬ ಜನ. ದಯವಿಟ್ಟು ಅದೇ ಹಾಳೆಗೆ ಅಂಟಿಸಬೇಡಿ. ಹೊಲೊಟೈಪ್, ಅಂದರೆ ಹೆಸರಿಗೆ ಟೈಪ್ ಎಂದು ನೀವು ಆರಿಸುವ ಆ ಒಂದು ಮಾದರಿ, ಒಂದೇ ಸಲ, ಒಂದೇ ಕಡೆ ಮಾಡಿದ ಸಂಗ್ರಹದ್ದಾಗಿರಬೇಕು. ಹೂ ಒಂದು ದಿನದ್ದು, ಕಾಯಿ ಇನ್ನೊಂದು ದಿನದ್ದು ಸೇರಿಸಿ ಹೊಲೊಟೈಪ್ ಅಂತ ಕರೆದರೆ ಹೆಸರೇ ಬಿದ್ದುಹೋಗುತ್ತದೆ. ಈಗಿನ ಹೂವಿರುವ ಕೊಂಬೆಗಳಲ್ಲಿ ಚೆನ್ನಾಗಿರುವ ಒಂದನ್ನು ಹೊಲೊಟೈಪ್ ಮಾಡಿ. ಅದೇ ದಿನ ಅದೇ ನಂಬರಿನಲ್ಲಿ ತಂದ ಉಳಿದವು ಐಸೊಟೈಪ್, ಅವನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚಿ. ಒಂದು ಕಡೆ ಹುಳ ತಿಂದರೂ ಇನ್ನೊಂದು ಕಡೆ ಉಳಿಯುತ್ತದೆ. ಕಾಯಿ ತಂದಾಗ ಅದಕ್ಕೆ ಹೊಸ ನಂಬರ್, ಹೊಸ ಹಾಳೆ, ಅದು ಪ್ಯಾರಾಟೈಪ್, ಅಂದರೆ ಪ್ರಬಂಧದಲ್ಲಿ ಜೊತೆಗೆ ಹೆಸರಿಸುವ ಇನ್ನೊಂದು ಮಾದರಿ. ಬೀಜ ಎರಡೋ ನಾಲ್ಕೋ ಎಣಿಸಿ. ಬೀಜದ ಮೇಲೆ ರೋಮವಿದ್ದರೆ ಒಂದು ಹನಿ ನೀರು ಬಿಟ್ಟು ಅದು ನಿಮಿರುತ್ತದೆಯೇ ನೋಡಿ ಬರೆಯಿರಿ.

ಹೊಲೊಟೈಪನ್ನು ನಿಮ್ಮ ಕಾಲೇಜಿನ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತು ಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಕೊಡಬೇಕು. ಸಸ್ಯಗಳಿಗೆ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ ಇದೆ. ಅವರು ಕೊಡುವ ನೋಂದಣಿ ಸಂಖ್ಯೆಯನ್ನು ಪ್ರಬಂಧ ಕಳಿಸುವ ಮೊದಲೇ ಕೇಳಿ ಪಡೆಯಿರಿ.

ಚಾರಣಿಗ ಉತ್ತರಿಸಿದ್ದು:

ಮೇಡಂ, ಒಂದು ವಿನಂತಿ. ಹೂವಿಲ್ಲದ ಗಿಡದ ಎಲೆ ಹೇಗಿರುತ್ತದೆ ಅಂತ ಫೋಟೋ ಸಮೇತ ಹಾಕುತ್ತೀರಾ? ಜಾಗ ಹೇಳಬೇಡಿ. ನಾನು ಹೋಗುವ ಬೆಟ್ಟಗಳಲ್ಲಿ ಶೋಲಾ ಅಂಚು ಸಿಕ್ಕಾಗ ನೋಡುತ್ತೇನೆ. ಕೀಳುವುದಿಲ್ಲ, ಫೋಟೋ ತೆಗೆದು ನಿಮಗೊಬ್ಬರಿಗೇ ಕಳಿಸುತ್ತೇನೆ.

ಗುಡ್ಡದಂಚು ಉತ್ತರಿಸಿದ್ದು:

ಖಂಡಿತ. ಎಲೆಯ ಹಿಂಬದಿ ಮತ್ತು ತೊಟ್ಟು ಎರಡೂ ಕಾಣುವ ಹಾಗೆ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಗಿಣ್ಣಿನ ಎರಡು ಎಲೆಗಳೂ ಚೌಕಟ್ಟಿನೊಳಗೆ ಬರಬೇಕು. ತೊಟ್ಟೇ ಇಲ್ಲದಿದ್ದರೆ ಅದು ಸೆಸೈಲಿಸ್ ಇರಬಹುದು, ಆದರೂ ಕಳಿಸಿ. ಎರಡೂ ಒಂದೇ ಬೆಟ್ಟದಲ್ಲಿ ಅಕ್ಕಪಕ್ಕ ಬೆಳೆಯುತ್ತವಾ ಅಂತ ನನಗೆ ಗೊತ್ತಾಗಬೇಕಿದೆ.